ಪೂವಯ್ಯನ ಭಾವನಾಮ

ಮಂಜಿನಕಾಡು ಕಾಫಿ ಎಸ್ಟೇಟಿನ ರೈಟರ್, ಅಂದರೆ ಲೆಕ್ಕದ ಗುಮಾಸ್ತ, ಪೂವಯ್ಯನಿಗೆ ಇಂಗ್ಲಿಷ್ ಬರುತ್ತಿತ್ತೇ, ಇಲ್ಲವೇ ಎಂಬ ಬಗ್ಗೆ ನೆಲ್ಯಹುದಿಕೇರಿಯಲ್ಲಿ ಎರಡು ಪಕ್ಷಗಳಿದ್ದವು. ಬರುತ್ತಿರಲಿಲ್ಲ, ಅದಕ್ಕೇ ಆ ವರ್ಷದ ಹುತ್ತರಿ ಸುಗ್ಗಿಹಬ್ಬಕ್ಕೆ ಅವನ ಕೆಲಸ ಹೋಗುವುದರಲ್ಲಿತ್ತು ಎನ್ನುವುದು ಒಂದು ಪಕ್ಷ. ಬರುತ್ತಿತ್ತು, ಅದಕ್ಕೇ ಹೋಗುವುದರಲ್ಲಿತ್ತು ಎನ್ನುವುದು ಇನ್ನೊಂದು. ವಿಚಾರಿಸಿ ನೋಡಿದರೆ ಎರಡನೆಯವರ ಮಾತೇ ಸತ್ಯ. ಪೂವಯ್ಯ ಒಂದು ಇಂಗ್ಲಿಷ್ ಶಬ್ದವನ್ನು ಸರಿಯಾದ ಜಾಗದಲ್ಲಿ, ಸರಿಯಾದ ಅರ್ಥದಲ್ಲಿ, ಒಂದಕ್ಷರವೂ ತಪ್ಪದೆ ಬಳಸಿದ. ಅನಾಹುತ ಶುರುವಾದದ್ದು ಅಲ್ಲಿಂದ.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಡಿಕೇರಿಯಲ್ಲಿ ವಿಧಾನಸಭೆ, ಇಡೀ ಸರ್ಕಾರಕ್ಕೆ ಇಬ್ಬರೇ ಮಂತ್ರಿಗಳು. ಮಂಜಿನಕಾಡಿನಲ್ಲಿ ಅಷ್ಟೂ ಇರಲಿಲ್ಲ. ಅಲ್ಲಿ ಮ್ಯಾನೇಜರ್ ಕ್ಯಾಪ್ಟನ್ ಉತ್ತಯ್ಯನವರೊಬ್ಬರದೇ ಆಡಳಿತ. ಸೈನ್ಯದಿಂದ ಬಂದವರು. ಕಾಫಿ ಗಿಡಗಳೂ ಸಾಲು ತಪ್ಪಿ ನಿಲ್ಲಬಾರದೆನ್ನುವ ಮನುಷ್ಯ.

ಆ ವರ್ಷ ಹೆಡ್ ರೈಟರ್ ಕೆಲಸ ಖಾಲಿಯಾಯಿತು. ಕ್ಯಾಪ್ಟನ್ ಸಾಹೇಬರು ಆಫೀಸಿನಲ್ಲಿ ನಿಂತು ಸಾರಿದರು: "ಹೆಡ್ ರೈಟರ್ ಆಗುವವನು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಬೇಕು. ಸರಿಯಾದ ಇಂಗ್ಲಿಷ್!"

ಪೂವಯ್ಯನಿಗೆ ಹುದ್ದೆಗಿಂತ ಹೆಚ್ಚಾಗಿ ಬೇಕಿದ್ದದ್ದು ಅದರ ಜೊತೆ ಸಿಗುವ ಮನೆ. ಅದು ಗುಡ್ಡದ ಮೇಲೆ, ಬಂಗಲೆಯ ಹತ್ತಿರ ಇತ್ತು. ಹೆಂಚಿನ ಮಾಡು, ಅಡಿಗೆಮನೆಯ ಹೊಗೆ ಹೋಗಲು ಇಟ್ಟಿಗೆಯ ಚಿಮಣಿ. ಅವನು ಈಗ ಇದ್ದ ಮನೆ ಕಣದ ಪಕ್ಕದ್ದು; ಅಲ್ಲಿ ಹೊಗೆ ಹೋಗಲು ಇದ್ದ ದಾರಿಯೆಂದರೆ ಹೆಂಡತಿ ಬೊಳ್ಳಮ್ಮನ ಕಣ್ಣು ಮತ್ತು ಮೂಗು. ಮದುವೆಯಾದಂದಿನಿಂದ ಅವಳು ಸಾರು ಕುದಿಸುವಾಗ ಅತ್ತದ್ದನ್ನು ನೋಡಿ, ಪೂವಯ್ಯ ಬಹಳ ಕಷ್ಟ ಕೊಡುವ ಗಂಡ ಎಂದು ಹೊಸಬರು ತಿಳಿಯುವುದಿತ್ತು.

"ಅಷ್ಟೇನಾ? ಇಂಗ್ಲಿಷ್ ಕಲೀರಿ" ಎಂದಳು ಬೊಳ್ಳಮ್ಮ, ಸೆರಗಿನಿಂದ ಕಣ್ಣೊರೆಸುತ್ತ. "ನಾ ಆ ಚಿಮಣಿ ಕೆಳಗೆ ಒಂದು ದಿನ ಆದ್ರೂ ಕಣ್ಣು ಬಿಟ್ಟು ಅಡಿಗೆ ಮಾಡ್ಬೇಕ್."

ಪೂವಯ್ಯನಿಗೆ ಇಂಗ್ಲಿಷ್ ಏನೂ ಬಾರದೆಂದಲ್ಲ. ಬ್ಯಾಗು, ಬಾಸ್ಕೆಟ್ಟು, ಪಿಕ್ಕಿಂಗು, ಪಲ್ಪರು, ಲೈನು, ಲಾರಿ ಎಲ್ಲ ಬರುತ್ತಿತ್ತು. ಅವನು ಇದನ್ನೆಲ್ಲ ನಿವೃತ್ತ ಮೇಷ್ಟ್ರು ತಿಮ್ಮಪ್ಪಯ್ಯನವರ ಜಗಲಿಯಲ್ಲಿ ಕುಳಿತು ಒಪ್ಪಿಸಿದಾಗ, ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ಹೇಳಿದರು:

"ಪೂವಯ್ಯ, ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳು. ಕೈಗೆ ಸಿಗುವ ಇಂಗ್ಲಿಷ್ ರೈಟರಿಗೆ ಸಾಕು. ಹೆಡ್ ರೈಟರಿಗೆ ಬೇಕಾದದ್ದು ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು. ಭಾವನಾಮ!"

"ಅದು ಎಷ್ಟಿದೆ ಮೇಷ್ಟ್ರೇ?"

"ಬೇಕಾದಷ್ಟಿದೆ. ವಾರಕ್ಕೊಂದು ಕಲಿತರೆ ಸಾಕು. ಆದರೆ ವಾಕ್ಯದಲ್ಲಿ ಬಳಸಬೇಕು. ಬಳಸದ ಭಾವನಾಮ ತುಕ್ಕು ಹಿಡಿಯುತ್ತದೆ."

ಗುರುದಕ್ಷಿಣೆ ಒಂದು ಭಾವನಾಮಕ್ಕೆ ಒಂದು ಚಿಪ್ಪು ಬಾಳೆಹಣ್ಣು ಎಂದು ಗೊತ್ತಾಯಿತು. ಮೇಷ್ಟ್ರು ಲೆಕ್ಕಾಚಾರದಲ್ಲಿ ಕಟ್ಟುನಿಟ್ಟು. ಒಂದು ಚಿಪ್ಪಿಗೆ ಒಂದೇ ಶಬ್ದ, ಒಂದು ಶಬ್ದಕ್ಕೆ ಒಂದೇ ಅರ್ಥ. ಅದೇ ಶಬ್ದಕ್ಕೆ ಇನ್ನೊಂದು ಅರ್ಥವಿದ್ದರೆ ಇನ್ನೊಂದು ಚಿಪ್ಪು. ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ಪೂವಯ್ಯ ಇಡಲಿಲ್ಲ.

ಮೊದಲು ಕಲಿತದ್ದು 'ಸಿನ್ಸಿಯಾರಿಟಿ'. ಪೂವಯ್ಯ ನೇರ ಚಹಾ ಅಂಗಡಿಗೆ ಹೋಗಿ, "ನಿನ್ನ ಚಹಾದಲ್ಲಿ ಸಿನ್ಸಿಯಾರಿಟಿ ಇಲ್ಲ" ಎಂದ. ಅಂಗಡಿಯವನು ಅದು ಹೊಸ ಬಗೆಯ ಸಕ್ಕರೆ ಎಂದುಕೊಂಡು, "ಸಿದ್ದಾಪುರದಲ್ಲೂ ಸ್ಟಾಕ್ ಇಲ್ಲ ರೈಟ್ರೇ" ಎಂದು ಕೈ ಮುಗಿದ. ಮನೆಯಲ್ಲೂ ಪ್ರಯೋಗವಾಯಿತು. ಬೊಳ್ಳಮ್ಮ ಅರ್ಥ ಕೇಳಿ ತಿಳಿದುಕೊಂಡು, "ಹಂಗಾರೆ ಈ ಹೊಗೆಗೆ ಸಿನ್ಸಿಯಾರಿಟಿ ಉಟ್ಟು. ದಿನಾ ತಪ್ಪದೆ ಬರ್ತದೆ" ಎಂದಳು. ಅಲ್ಲಿಯವರೆಗೆ ಆ ಮನೆಯಲ್ಲಿ ಆದ ಪ್ರಯೋಗಗಳಲ್ಲಿ ಅದೇ ಉತ್ತಮವಾದದ್ದು.

ಹುತ್ತರಿ ಹತ್ತಿರ ಬಂದ ವಾರದ ಭಾವನಾಮ 'ರೆಸಿಗ್ನೇಷನ್'.

"ಬಂದದ್ದನ್ನು ಗೊಣಗದೆ, ಶಾಂತವಾಗಿ ಒಪ್ಪಿಕೊಳ್ಳುವ ಮನಸ್ಥಿತಿ" ಎಂದರು ಮೇಷ್ಟ್ರು. "ಹರಿಶ್ಚಂದ್ರ ಮಹಾರಾಜನಿಗೆ ಇದ್ದದ್ದು ಇದೇ."

"ಬಹಳ ದೊಡ್ಡ ಗುಣ" ಎಂದ ಪೂವಯ್ಯ.

"ದೊಡ್ಡದೇ. ಮೇಲಧಿಕಾರಿ ಅಪ್ಪಣೆ ಕೊಟ್ಟಾಗ ಹೇಳಬೇಕು: ಐ ರಿಸೀವ್ ಯುವರ್ ಆರ್ಡರ್ ವಿತ್ ರೆಸಿಗ್ನೇಷನ್. ಇದರಲ್ಲಿ ಇನ್ನೊಂದು..." ಎಂದು ಶುರುಮಾಡಿ ಮೇಷ್ಟ್ರು ಬಾಳೆಹಣ್ಣಿನ ಕಡೆ ನೋಡಿದರು. ಒಂದೇ ಚಿಪ್ಪಿತ್ತು. ನಿಲ್ಲಿಸಿದರು.

ಅವಕಾಶ ತಾನಾಗಿಯೇ ಬಂತು. ಕ್ಯಾಪ್ಟನ್ ಪೂವಯ್ಯನನ್ನು ಒಳಗೆ ಕರೆದರು. ಬಾಗಿಲ ಹೊರಗೆ ಆಫೀಸಿನ ಜವಾನ ಮಾಯಿಲಪ್ಪ ಸ್ಟೂಲಿನ ಮೇಲೆ ಕುಳಿತಿದ್ದ. ಅವನ ಕೆಲಸ ಬಾಗಿಲು ಕಾಯುವುದು; ಕಿವಿಯನ್ನು ಒಳಗಿಟ್ಟೇ ಕಾಯುತ್ತಿದ್ದ.

"ಪೂವಯ್ಯ," ಎಂದರು ಕ್ಯಾಪ್ಟನ್, ಕಿಟಕಿಯಾಚೆ ನೋಡುತ್ತ. "ಮದ್ರಾಸಿನಿಂದ ಮಾಲೀಕರ ಆರ್ಡರ್ ಬಂದಿದೆ. ಕಾಫಿ ಹಣ್ಣು ಉದುರುತ್ತಿದೆಯಂತೆ. ಈ ಸಲ ಹುತ್ತರಿಗೆ ರಜೆ ಇಲ್ಲ, ಹಬ್ಬದ ದಿನವೂ ಪಿಕ್ಕಿಂಗ್. ಲೈನುಮನೆಗಳ ಕೂಲಿಯವರಿಗೆ ನೀನೇ ತಿಳಿಸಬೇಕು."

ಹುತ್ತರಿಗೆ ರಜೆ ಇಲ್ಲವೆಂದರೆ ಕೊಡಗಿನಲ್ಲಿ ಸೂರ್ಯನಿಗೆ ರಜೆ ಎಂದ ಹಾಗೆ. ಸ್ವತಃ ಕ್ಯಾಪ್ಟನರಿಗೆ ತಮ್ಮ ಹಿರಿಯರ ಮೂಲಮನೆಯಾದ ಐನ್‌ಮನೆಯಿಂದ, "ಹೊಸ ಭತ್ತದ ಕದಿರು ತೆಗೆಯುವ ಹೊತ್ತಿಗೆ ನೀನು ಗದ್ದೆಯಲ್ಲಿರದಿದ್ದರೆ ನಾನು ಊಟ ಮಾಡುವುದಿಲ್ಲ" ಎಂದು ತಾಯಿ ಹೇಳಿಕಳಿಸಿದ್ದರು. ಆದರೆ ಪೂವಯ್ಯನಿಗೆ ರಜೆಯೂ ಕಾಣಲಿಲ್ಲ, ಹಬ್ಬವೂ ಕಾಣಲಿಲ್ಲ. ಕಂಡದ್ದು, ತನ್ನ ವಾಕ್ಯಕ್ಕಾಗಿಯೇ ದೇವರು ಏರ್ಪಡಿಸಿದ ಸಂದರ್ಭ. ಅಟೆನ್ಷನ್ನಿನಲ್ಲಿ ನಿಂತು ಹೇಳಿದ:

"ಸರ್! ಐ ರಿಸೀವ್ ಯುವರ್ ಆರ್ಡರ್ ವಿತ್ ರೆಸಿಗ್ನೇಷನ್."

ಕ್ಯಾಪ್ಟನ್ ಕಿಟಕಿಯಿಂದ ತಿರುಗಿದರು. "ವಾಟ್?"

"ರೆಸಿಗ್ನೇಷನ್ ಸರ್. ಕಂಪ್ಲೀಟ್ ರೆಸಿಗ್ನೇಷನ್."

"ಆಲೋಚನೆ ಮಾಡಿದ್ದೀಯಾ?"

"ಒಂದು ವಾರದಿಂದ ಅದೇ ಆಲೋಚನೆ ಸರ್."

"ಮನೆಯಲ್ಲಿ ಹೆಂಡತಿಗೆ ಗೊತ್ತಾ?"

"ಮೈ ವೈಫ್ ಆಲ್ಸೋ ಹ್ಯಾಸ್ ಮಚ್ ರೆಸಿಗ್ನೇಷನ್, ಸರ್. ಮೋರ್ ದ್ಯಾನ್ ಮಿ."

ಕ್ಯಾಪ್ಟನರ ಮೀಸೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕೊಡಬಾರದ ಅಪ್ಪಣೆಗೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವವನನ್ನು ಅವರು ಸೈನ್ಯ ಬಿಟ್ಟ ಮೇಲೆ ನೋಡಿರಲಿಲ್ಲ. "ಅಕ್ಸೆಪ್ಟೆಡ್" ಎಂದರು. "ಹುತ್ತರಿ ದಿನ ಬೆಳಿಗ್ಗೆ ಇಲ್ಲಿಗೆ ಬಾ, ಮುಗಿಸೋಣ. ಈಗಿರುವ ಮನೆ ಖಾಲಿ ಮಾಡಬೇಕಾಗುತ್ತದೆ. ತಿಳಿಯಿತಲ್ಲ?"

ಈಗಿರುವ ಮನೆ ಖಾಲಿ ಮಾಡಬೇಕು! ಪೂವಯ್ಯನ ಕಿವಿಯಲ್ಲಿ ಕೊಂಬು, ಕೊಟ್ಟು ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿದವು. ಒಂದು ಭಾವನಾಮಕ್ಕೆ ಒಂದು ಮನೆ!

"ವಿತ್ ಪ್ಲೆಷರ್, ಸರ್!" ಎಂದು ಕೂಗಿ, ಹೊರಗೆ ಬಂದು, ಸ್ಟೂಲಿನ ಮೇಲಿದ್ದ ಮಾಯಿಲಪ್ಪನ ಕೈ ಹಿಡಿದು ಕುಲುಕಿ, ಇಳಿಜಾರಿನಲ್ಲಿ ಓಡಿದ.

ಮಾಯಿಲಪ್ಪ ಓಡಲಿಲ್ಲ. ಆದರೂ ಅವನ ಸುದ್ದಿ ಪೂವಯ್ಯನಿಗಿಂತ ಮೊದಲೇ ಲೈನು ಮುಟ್ಟಿತು. ಅವನ ವರದಿ ಹೀಗಿತ್ತು: ಹುತ್ತರಿಗೆ ರಜೆ ಇಲ್ಲವೆಂದು ದೊರೆ ಅಂದದ್ದೇ ತಡ, ರೈಟರ್ ಪೂವಯ್ಯ ಮೇಜಿಗೆ ಗುದ್ದಿ, 'ಹಾಗಾದರೆ ತಗೊಳ್ಳಿ ನನ್ನ ರಾಜೀನಾಮೆ' ಎಂದರು. ಮೇಜಿಗೆ ಗುದ್ದಿದ್ದಕ್ಕೆ ಆಧಾರವಿಲ್ಲ. ಉಳಿದದ್ದು ಮಾಯಿಲಪ್ಪನ ಇಂಗ್ಲಿಷ್ ಜ್ಞಾನಕ್ಕೆ ಸರಿಯಾಗಿಯೇ ಇತ್ತು.

ಮಾರನೆಯ ದಿನ ಬೆಳಿಗ್ಗೆ ಪೂವಯ್ಯ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಾಗ ಪಿಕ್ಕಿಂಗಿನ ಹೆಂಗಸರೆಲ್ಲ ಅಂಗಳಕ್ಕೆ ಬಂದರು. ಮುಂದೆ ಕಾಳಿ. ಕಾಳಿ ಮಾತಾಡಿದರೆ ಹೊಳೆಯಾಚೆಗೂ ಕೇಳುತ್ತಿತ್ತು.

"ರೈಟ್ರಯ್ಯಾ! ನಮ್ಮ ಹಬ್ಬಕ್ಕೋಸ್ಕರ ಇಷ್ಟು ದೊಡ್ಡ ಕೆಲಸ ಮಾಡಿಬಿಟ್ರಲ್ಲಾ!"

ಬಡ್ತಿ ಸಿಕ್ಕಿದ್ದು ಹಬ್ಬದ ಉಡುಗೊರೆ ಎಂಬ ಅರ್ಥದಲ್ಲಿ ಹೇಳುತ್ತಿದ್ದಾಳೆಂದು ಪೂವಯ್ಯ ತಿಳಿದ. "ನಂದೇನಿದೆ ಕಾಳಿ, ಎಲ್ಲ ಒಂದು ಶಬ್ದದ ಮಹಿಮೆ."

"ಒಂದು ಶಬ್ದ ಅಂತಾರೆ ನೋಡ್ರೇ! ಆ ಒಂದು ಶಬ್ದ ಹೇಳೋಕೆ ಗುಂಡಿಗೆ ಬೇಡ್ವಾ? ಮನೆ ಬೇರೆ ಬಿಡ್ತಾ ಇದ್ದೀರಿ."

"ಬಿಡಲೇಬೇಕಲ್ಲ."

"ಇನ್ನು ಎಲ್ಲಿಗೆ ಹೋಗ್ತೀರಿ ಅಯ್ಯಾ?"

ಪೂವಯ್ಯ ಗುಡ್ಡದ ಕಡೆಗೆ ಕೈ ಎತ್ತಿ, ಕಣ್ಣರ್ಧ ಮುಚ್ಚಿ, ತೃಪ್ತಿಯಿಂದ ನಗುತ್ತ ಹೇಳಿದ: "ಮೇಲೆ."

ಕಾಳಿ ಎದೆ ಬಡಿದುಕೊಂಡಳು. "ಅಯ್ಯಯ್ಯೋ! ಬೊಳ್ಳಮ್ಮಾ, ಹೊರಗೆ ಬನ್ನಿ! ರೈಟ್ರಯ್ಯ ಮೇಲೆ ಹೋಗ್ತಾರಂತೆ!"

ಬೊಳ್ಳಮ್ಮ ಒಳಗಿಂದಲೇ ಕೂಗಿ ಹೇಳಿದಳು: "ನಾನೂ ಅವರೊಟ್ಟಿಗೇ ಹೋಪುದು ಕಾಳಿ! ಹುತ್ತರಿ ದಿನವೇ! ಎಷ್ಟು ವರ್ಷದ ಆಸೆ ಅದ್!"

ಹೆಂಗಸರು ಅಳುತ್ತ ಲೈನಿಗೆ ಮರಳಿದರು. ಅಂದು ಲೈನಿನ ಬಾವಿಕಟ್ಟೆಯಲ್ಲಿ ಒಂದು ತೀರ್ಮಾನವಾಯಿತು: ಹುತ್ತರಿ ದಿನ ಮಂಜಿನಕಾಡಿನಲ್ಲಿ ಯಾರೂ ಒಂದು ಕಾಳು ಕಾಫಿ ಮುಟ್ಟಬಾರದು. ಮತ್ತು ರೈಟ್ರಯ್ಯನ ಮನೆಯ ಹಗ್ಗಗಳನ್ನೆಲ್ಲ ಸದ್ಯಕ್ಕೆ ಮಾಯಿಲಪ್ಪ ತಂದಿಟ್ಟುಕೊಳ್ಳಬೇಕು. ಮಾಯಿಲಪ್ಪ ಏನೇನೋ ನೆಪ ಹೇಳಿ ಹಗ್ಗ ಒಯ್ದದ್ದರಿಂದ ಪೂವಯ್ಯನಿಗೆ ಹಾಸಿಗೆ ಕಟ್ಟಲು ಹಗ್ಗವಿಲ್ಲದಂತಾಯಿತು.

ಹಬ್ಬದ ಹಿಂದಿನ ದಿನ ಗಾಳಿಬೀಡಿನಿಂದ ಬೊಳ್ಳಮ್ಮನ ತಮ್ಮ ಕುಟ್ಟಪ್ಪ ಬಂದ. ಖಾದಿ ಜುಬ್ಬಾ, ಕಂಕುಳಲ್ಲಿ ಚೆಂಡುಹೂವಿನ ಹಾರ. ಕುಟ್ಟಪ್ಪ ಕಳೆದ ಚುನಾವಣೆಗೆ ಟಿಕೆಟ್ ಕೇಳಿದ್ದ. ಸಿಕ್ಕಿರಲಿಲ್ಲ. ಆದರೆ ಭಾಷಣ ಹಾಗೇ ಉಳಿದಿತ್ತು.

"ಭಾವಾ!" ಎಂದು ಹಾರ ಹಾಕಿ ಅಪ್ಪಿಕೊಂಡ. "ಬಡವರ ಹಬ್ಬಕ್ಕಾಗಿ ರಾಜೀನಾಮೆ ಬಿಸಾಕಿದ ವೀರ! ಗಾಳಿಬೀಡಿನಲ್ಲೆಲ್ಲ ನಿಮ್ದೇ ಮಾತು."

"ಎಂಥ ಬಿಸಾಕಿದ್ದು?" ಎಂದ ಪೂವಯ್ಯ.

"ರಾಜೀನಾಮೆ. ಕೆಲಸ ಬಿಟ್ಟಿರಲ್ಲ?"

"ಯಾರು?"

"ನೀವೇ ಭಾವಾ. ಕ್ಯಾಪ್ಟನ್ ಎದುರು ನಿಂತು ರೆಸಿಗ್ನೇಷನ್ ಅಂದಿರಂತಲ್ಲ? ರೆಸಿಗ್ನೇಷನ್ ಅಂದ್ರೆ ಮತ್ತೆಂಥ? ರಾಜೀನಾಮೆ!"

ಪೂವಯ್ಯ ಪಾತ್ರೆಯ ಗೋಣಿಯ ಮೇಲೆ ಕುಳಿತ. ಒಳಗಿದ್ದ ಕಡಾಯಿ ಬೇಸರದ ಸದ್ದು ಮಾಡಿತು. ಬೊಳ್ಳಮ್ಮ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು, ಕಟ್ಟಿಟ್ಟ ಸಾಮಾನು ನೋಡಿದಳು. ಅಂದು ಹೊಗೆ ಇಲ್ಲದೆಯೇ ಅವಳ ಕಣ್ಣಲ್ಲಿ ನೀರು ಬಂತು.

"ಹಂಗಾರೆ ಆ ಮನೆನೂ ಇಲ್ಲೆ, ಈ ಮನೆನೂ ಇಲ್ಲೆ" ಎಂದಳು.

ಮೂವರೂ ನೇರ ಮೇಷ್ಟ್ರ ಜಗಲಿಗೆ ಹೋದರು. ತಿಮ್ಮಪ್ಪಯ್ಯನವರು ನಡೆದದ್ದನ್ನೆಲ್ಲ ಕೇಳಿ, "ವಾಕ್ಯ ಇನ್ನೊಮ್ಮೆ ಹೇಳು" ಎಂದರು. ಪೂವಯ್ಯ ಹೇಳಿದ.

"ಶಹಭಾಸ್! ವ್ಯಾಕರಣ ಶುದ್ಧವಾಗಿದೆ. ಪೂರ್ಣ ಅಂಕ."

"ಕೆಲಸ ಹೋಯ್ತು ಮೇಷ್ಟ್ರೇ!"

"ಹೋಗಿರಬಹುದು. ಪ್ರಯೋಗ ಸರಿಯಾಗಿದೆ. ಕ್ಯಾಪ್ಟನ್ ತೆಗೆದುಕೊಂಡದ್ದು ಎರಡನೆಯ ಅರ್ಥವನ್ನು. ಅದು ನಿನಗೆ ಕಲಿಸಿರಲಿಲ್ಲ. ಅದರ ಚಿಪ್ಪು ಬಂದಿರಲಿಲ್ಲ."

ಕುಟ್ಟಪ್ಪ ಎದ್ದು ನಿಂತ. "ಮೇಷ್ಟ್ರೇ, ನೀವು ಕಲಿಸಿದ್ದು ಭಾವನಾಮ ಅಲ್ಲ. ನಮ್ಮ ಭಾವನಿಗೆ ಹಾಕಿದ್ದು ನಾಮ!"

ಮೇಷ್ಟ್ರಿಗೆ ಕೋಪ ಬರಬೇಕಿತ್ತು. ಆದರೆ ಶಬ್ದದ ವಿಷಯ ಬಂದರೆ ಅವರಿಗೆ ಕೋಪ ಮರೆಯುತ್ತಿತ್ತು. "ಇಂಗ್ಲಿಷನ್ನೇ ಯಾಕೆ ಬೈಯುತ್ತೀರಿ? ನಮ್ಮದು ನೋಡಿ. ರಾಜಿ ಎಂದರೆ ಒಪ್ಪಿಗೆ. ಅದಕ್ಕೆ ಒಂದು ನಾಮೆ ಸೇರಿಸಿದರೆ ರಾಜೀನಾಮೆ, ಬಿಟ್ಟುಹೋಗುವುದು! ಆ ಶಬ್ದಕ್ಕೂ ಇದೇ ಕಾಯಿಲೆ" ಎಂದು ಸಂತೋಷದಿಂದ ತೊಡೆ ತಟ್ಟಿಕೊಂಡರು.

ಬೊಳ್ಳಮ್ಮನಿಗೆ ಸಂತೋಷವಾಗಲಿಲ್ಲ. "ಇನ್ನು ಇಂಗ್ಲಿಷ್ ಬೇಡ" ಎಂದಳು ಗಂಡನಿಗೆ. "ನಾಳೆ ಬೆಳಿಗ್ಗೆ ಸಾಹೇಬ್ರ ಮುಂದೆ ನಿಂತು ಕನ್ನಡದಲ್ಲಿ ಎರಡೇ ಮಾತು ಹೇಳಿ. ರಾಜೀನಾಮೆ ಅಲ್ಲ. ಅಷ್ಟೇ."

"ಹಾಗೆ ಹೇಳಿದ್ರೆ ಲೈನಿನವರ ಮುಂದೆ ಮಾನ ಹೋಗ್ತದೆ ಅಕ್ಕಾ! ರಜೆ ಇಲ್ಲದ್ದಕ್ಕೆ ಶಾಂತವಾಗಿ ಒಪ್ಪಿಕೊಂಡೆ ಅಂತ ಅರ್ಥ ಆಗ್ತದೆ. ಅವರು ಇವರನ್ನು ನಂಬಿ ಕೆಲಸಕ್ಕೆ ಇಳಿಯುದಿಲ್ಲ ಅಂತ ಕೂತಿದ್ದಾರೆ."

"ಮಾನದಲ್ಲಿ ಅಡಿಗೆ ಮಾಡಿಕೆ ಆಗ್ತದಾ ಕುಟ್ಟಪ್ಪ?" ಎಂದಳು ಬೊಳ್ಳಮ್ಮ.

ಪೂವಯ್ಯ ಇಬ್ಬರ ನಡುವೆ ಕುಳಿತಿದ್ದ. ಬಂದದ್ದನ್ನು ಗೊಣಗದೆ, ಶಾಂತವಾಗಿ ಒಪ್ಪಿಕೊಳ್ಳುವ ಮನಸ್ಥಿತಿ ಅವನಲ್ಲಿ ಲವಲೇಶವೂ ಇರಲಿಲ್ಲ.

ಹುತ್ತರಿಯ ಬೆಳಿಗ್ಗೆ ಆಫೀಸಿನ ಮುಂದಿನ ಕಣ ತುಂಬಿತ್ತು. ಪಿಕ್ಕಿಂಗಿನ ಬುಟ್ಟಿಗಳನ್ನು ಎಲ್ಲರೂ ತಂದಿದ್ದರು, ಆದರೆ ಬೋರಲು ಹಾಕಿ ಅವುಗಳ ಮೇಲೆ ಕುಳಿತಿದ್ದರು. ಪೂವಯ್ಯ ಬಂದ ಕೂಡಲೇ ಎಲ್ಲರೂ ಎದ್ದರು. ಕಾಳಿ ಮುಂದೆ ಬಂದು ಅವನನ್ನು ಮುಟ್ಟಿ ನೋಡಿ, "ಇದ್ದಾರೆ! ಇಲ್ಲೇ ಇದ್ದಾರೆ!" ಎಂದು ಕೂಗಿದಳು. ಜಯಕಾರವಾಯಿತು.

ವರಾಂಡದ ಮೇಲೆ ಕ್ಯಾಪ್ಟನ್ ಉತ್ತಯ್ಯ ನಿಂತಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿಯಿಲ್ಲದ ಮುಖ. ಬೆಳಿಗ್ಗೆ ತಾಯಿಯಿಂದ ಇನ್ನೊಬ್ಬ ಆಳು ಬಂದಿದ್ದ. ಅಮ್ಮ ನಿನ್ನೆಯಿಂದಲೇ ಊಟ ಬಿಟ್ಟಿದ್ದಾರೆ, ಅಭ್ಯಾಸಕ್ಕೆಂದು. ಇತ್ತ ಮದ್ರಾಸಿನ ಆರ್ಡರ್. ಅತ್ತ ಬೋರಲು ಬುಟ್ಟಿಗಳು.

"ಪೂವಯ್ಯ, ಮುಂದೆ ಬಾ. ಇವರೆಲ್ಲರ ಎದುರಿಗೇ ಹೇಳು. ನಿನ್ನ ಕೊನೆಯ ಮಾತೇನು?"

ಬೊಳ್ಳಮ್ಮ ಗುಂಪಿನ ಅಂಚಿನಲ್ಲಿ ನಿಂತು ಎರಡು ಬೆರಳು ತೋರಿಸಿದಳು. ಎರಡೇ ಮಾತು.

ಆಗ ಕುಟ್ಟಪ್ಪ ನಡುವೆ ನುಗ್ಗಿದ. "ಭಾವಾ, ಶುಭಕಾರ್ಯ, ಬಾಯಿ ಸಿಹಿ ಮಾಡಿ ಮಾತಾಡಿ!" ಎಂದು ಹೇಳಿ, ಅಕ್ಕ ಹಬ್ಬಕ್ಕೆಂದು ಮಾಡಿಟ್ಟಿದ್ದ ತಂಬಿಟ್ಟಿನ ಒಂದು ದೊಡ್ಡ ಉಂಡೆಯನ್ನು ಪೂವಯ್ಯನ ಬಾಯಿಗೆ ತುರುಕಿದ.

ಹುತ್ತರಿಯ ತಂಬಿಟ್ಟನ್ನು ತಿಂದು ಗೊತ್ತಿಲ್ಲದವರಿಗಾಗಿ: ಹುರಿದಕ್ಕಿಯ ಹಿಟ್ಟನ್ನು ಕಳಿತ ಬಾಳೆಹಣ್ಣಿನಲ್ಲಿ ಕಲಸಿ ನಾದಿದ ಪದಾರ್ಥ. ಸರಿಯಾಗಿ ನಾದಿದರೆ ಅದರಲ್ಲಿ ಬಾಗಿಲಿಗೆ ಬೀಗ ಹಾಕಬಹುದು. ಬೊಳ್ಳಮ್ಮ ಸರಿಯಾಗಿ ನಾದುವವಳು.

ಪೂವಯ್ಯ ಬಾಯಿ ತೆರೆದ. "ರಾಜೀ..." ಎಂದ. ಅಷ್ಟಕ್ಕೆ ತಂಬಿಟ್ಟು ಅಂಗುಳಕ್ಕೆ ಅಂಟಿ, ನಾಲಿಗೆ ಅಲ್ಲೇ ನಿಂತಿತು.

"ರಾಜಿ?" ಎಂದರು ಕ್ಯಾಪ್ಟನ್.

"ರಾಜೀ... ರಾಜೀ..." ನಾಲಿಗೆ ಮುಂದೆ ಹೋಗಲಿಲ್ಲ. ಉಳಿದ 'ನಾಮೆ'ಯನ್ನು ಸನ್ನೆಯಿಂದಾದರೂ ಸೂಚಿಸೋಣವೆಂದು ಪೂವಯ್ಯ ಹಣೆಗೆ ನಾಮ ಹಾಕುವವನಂತೆ ಬೆರಳುಗಳನ್ನು ಹಣೆಯತ್ತ ಎತ್ತಿದ.

ಕ್ಯಾಪ್ಟನ್ ಉತ್ತಯ್ಯನವರ ಎದುರು ಯಾರೇ ಹಣೆಗೆ ಕೈ ಎತ್ತಲಿ, ಅವರ ಬಲಗೈ ಯಾರನ್ನೂ ಕೇಳುತ್ತಿರಲಿಲ್ಲ. ಹಿಮ್ಮಡಿ ಟಪ್ ಎಂದು ಕೂಡಿತು. ಕೈ ಹುಬ್ಬಿಗೆ ಹೋಯಿತು. ಮಂಜಿನಕಾಡಿನ ಮ್ಯಾನೇಜರ್ ಮಂಜಿನಕಾಡಿನ ರೈಟರಿಗೆ ಸೆಲ್ಯೂಟ್ ಹೊಡೆದರು.

ಕಣಕ್ಕೆ ಕಣವೇ ಮುಂದಕ್ಕೆ ಸರಿಯಿತು.

"ರಾಜಿಯಂತೆ ರೋ!" ಎಂದು ಮಾಯಿಲಪ್ಪ ಸ್ಟೂಲಿನ ಮೇಲೆ ಹತ್ತಿ ಕೂಗಿದ. "ರೈಟ್ರು ರಾಜಿಗೆ ಬಂದಿದ್ದಾರೆ, ದೊರೆ ಸೆಲ್ಯೂಟ್ ಮಾಡಿದ್ದಾರೆ!"

ಕ್ಯಾಪ್ಟನರ ಮುಖದಲ್ಲಿ ಬೆಳಿಗ್ಗೆಯಿಂದ ಇಲ್ಲದ ಬೆಳಕು ಬಂತು. ಬರಿದೇ ರಜೆ ಕೊಟ್ಟರೆ ಮದ್ರಾಸಿಗೆ ಏನು ಹೇಳುವುದು? ರಾಜಿ ಎಂದರೆ ಬೇರೆ ಮಾತು. ರಾಜಿಗೆ ಷರತ್ತುಗಳಿರುತ್ತವೆ, ಮರ್ಯಾದೆ ಇರುತ್ತದೆ, ಹೊತ್ತಿಗೆ ಸರಿಯಾಗಿ ಐನ್‌ಮನೆ ತಲುಪುವ ದಾರಿಯೂ ಇರುತ್ತದೆ.

"ಕೇಳಿ ಎಲ್ಲರೂ!" ಎಂದರು. "ಇವತ್ತು, ನಾಳೆ ರಜೆ. ಬದಲಿಗೆ ಮುಂದಿನ ಎರಡು ಭಾನುವಾರ ಪಿಕ್ಕಿಂಗ್. ಯಾರೂ ತಪ್ಪಿಸಿಕೊಳ್ಳಬಾರದು. ಒಪ್ಪಿಗೆಯೋ?"

"ಒಪ್ಪಿಗೆ ದೊರೇ!" ಎಂದಳು ಕಾಳಿ. ಹೊಳೆಯಾಚೆಯಿಂದ ಯಾರೋ ಓಗೊಟ್ಟರು. ಬುಟ್ಟಿಗಳು ಗಾಳಿಗೆ ಹಾರಿದವು.

"ಪೂವಯ್ಯ, ನಿನಗೆ?"

ಪೂವಯ್ಯ ಅಷ್ಟರಲ್ಲಿ ತಂಬಿಟ್ಟಿನ ಮುಕ್ಕಾಲು ಪಾಲು ನುಂಗಿದ್ದ. ಸಂತೋಷದ ಭರದಲ್ಲಿ ಮತ್ತೆ ಅಟೆನ್ಷನ್ನಿನಲ್ಲಿ ನಿಂತು, "ಸರ್! ವಿತ್ ರೆ..." ಎಂದ.

"ಕುಟ್ಟಪ್ಪಾ, ಇನ್ನೊಂದು ಉಂಡೆ!" ಎಂದು ಬೊಳ್ಳಮ್ಮ ಕಿರುಚಿದಳು. ಕುಟ್ಟಪ್ಪ ಈ ಸಲ ತಡಮಾಡಲಿಲ್ಲ.

ಗುಂಪು ಕರಗಿದ ಮೇಲೆ ತಿಮ್ಮಪ್ಪಯ್ಯನವರು ವರಾಂಡಕ್ಕೆ ಹೋಗಿ ಮೊದಲ ಅರ್ಥವನ್ನು ಕ್ಯಾಪ್ಟನರಿಗೆ ಚಿಪ್ಪಿಲ್ಲದೆಯೇ ವಿವರಿಸಿದರು. ಒಳಗಿಂದ ಬಹಳ ಹೊತ್ತು ನಗು ಕೇಳಿಸಿತು. ಅಷ್ಟು ಹೊತ್ತೂ ಪೂವಯ್ಯ ಸ್ಟೂಲಿನ ಮೇಲೆ, ಮಾಯಿಲಪ್ಪನ ಪಕ್ಕದಲ್ಲಿ, ಕಿವಿಯನ್ನು ಒಳಗಿಟ್ಟು ಕುಳಿತಿದ್ದ. ಕೊನೆಗೆ ಕ್ಯಾಪ್ಟನ್ ಹೊರಬಂದು ಮೇಲಿನ ಮನೆಯ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು.

"ಮಾಲೀಕರ ಆರ್ಡರಿಗೂ ಲೈನಿಗೂ ನಡುವೆ ನಿಂತು ರಾಜಿ ಮಾಡಿಸುವವನು ನನಗೆ ಬೇಕು. ಇವತ್ತಿನಿಂದ ನೀನು ಹೆಡ್ ರೈಟರ್. ಒಂದೇ ಷರತ್ತು."

"ಹೇಳಿ ಸರ್."

"ನನ್ನ ಹತ್ತಿರ ಯಾವತ್ತೂ ಇಂಗ್ಲಿಷಿನಲ್ಲಿ ಮಾತಾಡಬಾರದು."

ಆ ರಾತ್ರಿಯ ಹೊಸ ಅಕ್ಕಿಯ ಪಾಯಸವನ್ನು ಬೊಳ್ಳಮ್ಮ ಚಿಮಣಿಯ ಕೆಳಗೆ ಕಣ್ಣು ಬಿಟ್ಟು ಮಾಡಿದಳು. ಕಾಳಿಯ ಲೈನಿನಿಂದ, ಬೆಳೆ ಹೆಚ್ಚಲಿ ಎಂದು ಹಾರೈಸುವ 'ಪೊಲಿ ಪೊಲಿ ದೇವಾ' ಕೂಗು ಗುಡ್ಡದ ಮೇಲಿನವರೆಗೂ ಕೇಳುತ್ತಿತ್ತು. ಮಾಯಿಲಪ್ಪ ಹಗ್ಗಗಳನ್ನು ಹಿಂದಕ್ಕೆ ತಂದುಕೊಟ್ಟ. ಯಾಕೆ ಒಯ್ದಿದ್ದೆ ಎಂದು ಕೇಳುವಷ್ಟರಲ್ಲಿ ಗುಡ್ಡ ಇಳಿದಿದ್ದ.

ಹಬ್ಬ ಕಳೆದ ಮೇಲೆ ತಿಮ್ಮಪ್ಪಯ್ಯನವರು ಹೊಸ ಮನೆ ನೋಡಲು ಬಂದರು. ಬೊಳ್ಳಮ್ಮ ಗೌರವದಿಂದ ಮಣೆ ಹಾಕಿ, ಮುಂದೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು. ಹಣ್ಣು ಕಂಡದ್ದೇ ಮೇಷ್ಟ್ರಿಗೆ ಅಭ್ಯಾಸಬಲದಿಂದ ಪಾಠ ನೆನಪಾಯಿತು.

"ಪೂವಯ್ಯ, ಕ್ಯಾಪ್ಟನ್ ಹತ್ತಿರ ಬೇಡ. ಆದರೆ ಮದ್ರಾಸಿನಿಂದ ಮಾಲೀಕರು ಬರುತ್ತಾರಂತಲ್ಲ? ಅವರಿಗೊಂದು ವಾಕ್ಯ ಹೇಳಿದರೆ ಚೆನ್ನ. 'ಕನ್ವಿಕ್ಷನ್'. ಅಂದರೆ ದೃಢವಾದ ನಂಬಿಕೆ. ಹೇಳು: ಸರ್, ಐ ಆಮ್ ಎ ಮ್ಯಾನ್ ಆಫ್ ಮೆನಿ ಕನ್ವಿಕ್ಷನ್ಸ್."

"ಐ ಆಮ್ ಎ ಮ್ಯಾನ್..." ಎನ್ನುವಾಗ ಪೂವಯ್ಯನ ಕಣ್ಣು ಅರಳಿತು.

"ಮೇಷ್ಟ್ರೇ," ಎಂದಳು ಬೊಳ್ಳಮ್ಮ, "ಇದಕ್ಕೆ ಇನ್ನೊಂದು ಅರ್ಥ ಉಟ್ಟಾ?"

ಮೇಷ್ಟ್ರು ಚಿಮಣಿಯ ಕಡೆ ನೋಡಿದರು. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು.

"ಉಂಟು" ಎಂದರು ಕೊನೆಗೆ. "ಆದರೆ ಅದು ಕೋರ್ಟಿನಲ್ಲಿ ಮಾತ್ರ. ಅಪರಾಧ ರುಜುವಾತಾಗಿ ಜೈಲಿಗೆ ಹೋಗುವಾಗ..."

ಬೊಳ್ಳಮ್ಮ ಮೇಷ್ಟ್ರ ಮುಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಎರಡು ಬೆರಳಿನಿಂದ ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.